ಅಪ್ಪನ ‘ಹೂಂ’ ಸಿಗದ ಸ್ಪೀಕರ್‌ಗಳು

ಬೆಳಕು ಇನ್ನೂ ಬೀದಿಗೆ ಇಳಿದಿಲ್ಲ. ಅರ್ಧ ಎತ್ತಿದ ಶಟರ್ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದರೆ, ಐವತ್ತು ದಾಟಿದ ಒಬ್ಬ ಹೆಂಗಸು ಟ್ಯೂಬ್‌ಲೈಟಿನ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್. ನಿನ್ನೆ ಅಂಟು ಹಚ್ಚಿ ಒಣಗಲು ಬಿಟ್ಟ ಹೊಸ ಕೋನ್ ಅದರಲ್ಲಿದೆ. ಕೋನ್ ಅಂದರೆ ಸ್ಪೀಕರಿನ ಮುಖದಲ್ಲಿ ಕಾಣುವ ಕಪ್ಪು ಕಾಗದದ ಬಟ್ಟಲು. ನಾವು ಮನೆಯಲ್ಲಿ ಕೇಳುವ ಹಾಡೆಲ್ಲ ಆ ಕಾಗದ ನಡುಗಿದ್ದರಿಂದ ಹುಟ್ಟಿದ್ದೇ. ಅದರ ನಡುವೆ ನಾಲ್ಕು ಪ್ಲಾಸ್ಟಿಕ್ ಪಟ್ಟಿಗಳು ತಲೆ ಹೊರಗೆ ಹಾಕಿ ನಿಂತಿವೆ. ಒಂದೊಂದನ್ನೇ ಇಕ್ಕಳದಲ್ಲಿ ಹಿಡಿದು, ಉಸಿರು ಬಿಗಿ ಹಿಡಿದು ಎಳೆಯುತ್ತಾರೆ. ಎಳೆದದ್ದನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ.

“ಒಳಗೆ ತಾಮ್ರದ ಕಾಯಿಲ್ ಇರುತ್ತೆ, ಅದರ ಸುತ್ತ ಮ್ಯಾಗ್ನೆಟ್. ಎರಡರ ಮಧ್ಯೆ ಜಾಗ ಕೂದಲೆಳೆಯಷ್ಟು. ಕಾಯಿಲ್ ಎಲ್ಲೂ ಮುಟ್ಟದೆ ಮಧ್ಯದಲ್ಲಿ ನಿಲ್ಲಲಿ ಅಂತ ಈ ಪಟ್ಟಿ ಕೊಟ್ಟು ಅಂಟು ಹಾಕೋದು. ಒಂದು ಪಟ್ಟಿ ಒಳಗೇ ಮರೆತು ಮುಚ್ಚಿಬಿಟ್ರೆ ಮುಗೀತು, ಹಾಡಿನ ಬದಲು ಗೊರಕೆ ಬರುತ್ತೆ” ಎಂದು ನಗುತ್ತಾರೆ.

ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲಿಟ್ಟು ಮೆಲ್ಲಗೆ ಒತ್ತಿ ಬಿಡುತ್ತಾರೆ. ಒತ್ತಿ ಬಿಡುತ್ತಾರೆ. ಒಳಗೆ ಕಾಯಿಲ್ ಎಲ್ಲಾದರೂ ಉಜ್ಜಿದರೆ ಬೆರಳಿಗೆ ಗೊತ್ತಾಗುತ್ತದಂತೆ. ಬೆರಳು ಒಪ್ಪಿದ ಮೇಲೆ ವೈರ್ ಸಿಕ್ಕಿಸಿದರೆ, ಮೊದಲು ಒಂದು ದಪ್ಪ ಗುಂಯ್‌ಕಾರ, ಆಮೇಲೆ ಹಾಡು. ಇಷ್ಟು ಬೇಗ ಎದ್ದು ಮಾಡುವುದೇಕೆ ಅಂದರೆ, ಬೀದಿಯಲ್ಲಿ ಗಾಡಿಗಳ ಸದ್ದು ಶುರುವಾದ ಮೇಲೆ ಸಣ್ಣ ಒಡಕು ಕಿವಿಗೆ ಸಿಗುವುದಿಲ್ಲ. ಗಂಡ ಬಸ್ ಡ್ರೈವರು. ಅವರು ಇನ್ನೂ ಮುಂಚೆ ಎದ್ದು ಹೋಗಿಯಾಗಿದೆ. “ಅವರು ಊರಿಗೆಲ್ಲ ಹಾರ್ನ್ ಹೊಡೀತಾ ಹೋಗ್ತಾರೆ, ನಾನು ಅದು ಕೇಳಿಸದ ಹೊತ್ತು ಹುಡುಕ್ಕೊಂಡು ಕೂರ್ತೀನಿ. ಜೋಡಿ ಚೆನ್ನಾಗಿದೆ ಅಲ್ವಾ?”

ಬೀದಿಯವರಿಗೆಲ್ಲ ಇವರು ಕೋನಕ್ಕ. ಕೆಲವು ಪೋಕರಿಗಳು ಬೇಕಂತಲೇ ಕೋಣಕ್ಕ ಅನ್ನುತ್ತಾರೆ. “ಅನ್ಲಿ ಬಿಡಿ, ಕೋಣದ ಹಾಗೆ ದುಡಿಯೋದಂತೂ ಹೌದು” ಎಂಬುದು ಅವರ ಉತ್ತರ. ಹರಿದ ಕೋನ್, ಸುಟ್ಟ ಕಾಯಿಲ್, ಪುಡಿಪುಡಿಯಾದ ಅಂಚಿನ ಫೋಮ್, ಇವೇ ಇವರ ದಿನ. ಬೇಸರವಿಲ್ಲದೆ ಕೂತರೆ ದಿನಕ್ಕೆ ಎರಡು ಸ್ಪೀಕರ್ ಎದ್ದು ನಿಲ್ಲುತ್ತವೆ. ಹೊಸ ಪುಟಾಣಿ ಸ್ಪೀಕರ್ ಡಬ್ಬಗಳು ಬಂದ ಮೇಲೆ ಕೆಟ್ಟದ್ದನ್ನು ಬಿಸಾಡುವವರೇ ಹೆಚ್ಚು. ಆದರೂ ಮದುವೆಯಾದ ಹೊಸದರಲ್ಲಿ ಕೊಂಡ ಜೋಡಿ ಸ್ಪೀಕರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡು ಬರುವವರು ಇನ್ನೂ ಇದ್ದಾರೆ. ಒಂದೊಂದು ತಂತಿ, ಒಂದೊಂದು ಆಂಪ್ಲಿಫೈಯರು ಹುಡುಕಿ ಹುಡುಕಿ ಮನೆಯಲ್ಲಿ ಸಿಸ್ಟಮ್ ಕಟ್ಟಿಕೊಂಡ ಹುಚ್ಚರೂ ಬರುತ್ತಾರೆ. ಬಂದವರಲ್ಲಿ ಅನೇಕರು ಇವರ ಭುಜದ ಮೇಲಿಂದ ಒಳಗೆ ಇಣುಕಿ, “ರಿಪೇರಿಯವರು ಇಲ್ವಾ?” ಎಂದು ಕೇಳುವುದು ಇವತ್ತಿಗೂ ತಪ್ಪಿಲ್ಲ. ಕೋನಕ್ಕ ಸ್ಪೀಕರ್ ಕೈಗೆ ತೆಗೆದುಕೊಳ್ಳುತ್ತಾರೆ. ಅಂಟಿನ ವಾಸನೆಗೆ ತಲೆ ಸಿಡಿಯುತ್ತದೆ, ಬೆರಳ ತುದಿಯ ಚರ್ಮ ಸುಲಿದು ಬಿಳಿಚಿಕೊಂಡಿದೆ. ಅದರ ಬಗ್ಗೆ ಕೇಳಿದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

ಈ ಅಂಗಡಿ ಅವರ ಅಪ್ಪನದು. ಅಂಗಡಿಯ ಮೇಲೆಯೇ ಮನೆ. ಅಮ್ಮ ಬೇಗ ಹೋದರು. ಶಾಲೆ ಬಿಟ್ಟ ಕೂಡಲೇ ಅಕ್ಕ ತಮ್ಮ ಇಬ್ಬರೂ ಅಂಗಡಿಗೇ ಬರುತ್ತಿದ್ದರು. ಮಗಳ ಬೆರಳು ಸಣ್ಣ, ಮ್ಯಾಗ್ನೆಟ್ಟಿನ ಸಂದಿಯಲ್ಲಿ ಸಿಕ್ಕ ಕಬ್ಬಿಣದ ಪುಡಿಯನ್ನು ಟೇಪಿನಿಂದ ತೆಗೆಯೋಕೆ ಹೇಳಿ ಮಾಡಿಸಿದಂಥದ್ದು. ಹಾಗೆ ಅಂಟಿದ ಕೆಲಸ ಬಿಡಲೇ ಇಲ್ಲ. ತಮ್ಮ ಮಾತ್ರ, ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರಿನ ಕಡೆಗೆ ಹೊರಳಿದ. ಎರಡು ಬೀದಿ ಆಚೆ ಅವನದೇ ಅಂಗಡಿ ಇದೆ.

ಈ ಅಂಗಡಿಯಲ್ಲಿ ಒಂದು ಕಟ್ಟುಪಾಡಿತ್ತು. ಅಪ್ಪ ಹೂಂ ಅನ್ನದೆ ಯಾವ ಸ್ಪೀಕರೂ ಹೊಸಿಲು ದಾಟುವಂತಿಲ್ಲ. ಮಗಳು ಪೂರ್ತಿ ಕೆಲಸ ಕೈಗೆತ್ತಿಕೊಂಡು ಎಷ್ಟೋ ವರ್ಷವಾದ ಮೇಲೂ ಅದು ಹಾಗೇ ಇತ್ತು. ಮುಂಜಾನೆ ಅಪ್ಪ ಮೆಟ್ಟಿಲಿಳಿದು ಬಂದು, ಸ್ಪೀಕರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನೋಡಿದರೆ ಕಣ್ಣು ಕಿವಿಗೆ ಲಂಚ ಕೊಡುತ್ತದೆ ಅನ್ನುವುದು ಅವರ ವಾದ. ಹಾಡು ಹಾಕಬೇಕು. ಸರಿ ಇದ್ದರೆ “ಹೂಂ.” ಇಲ್ಲದಿದ್ದರೆ “ತೆಗಿ.” ಈ ಎರಡು ಮಾತು ಬಿಟ್ಟರೆ ಮೂರನೆಯದಿಲ್ಲ. ತೆಗಿ ಅಂದರೆ ಅಂಟು ಬಿಡಿಸಿ, ಕೋನ್ ಹರಿದು, ಮೊದಲಿಂದ ಶುರು ಮಾಡಬೇಕು. ಅವರು ತೆಗಿ ಅಂದ ಸ್ಪೀಕರಿನಲ್ಲಿ ಏನೋ ಒಂದು ಸಿಕ್ಕೇ ಸಿಗುತ್ತಿತ್ತು. ಅಂಟಿನ ಒಂದು ಹನಿಯೋ, ಸಡಿಲವಾದ ಒಂದೆಳೆ ತಂತಿಯೋ.

ತಮ್ಮನಿಗೆ ಇದೆಲ್ಲ ಸರಿಬರುತ್ತಿರಲಿಲ್ಲ. ಅವನು ಮೀಟರಿನ ಮನುಷ್ಯ. ಆಂಪ್ಲಿಫೈಯರಿನಿಂದ ಹೊರಬರುವ ದನಿಯಲ್ಲಿ ಡಿಸ್ಟಾರ್ಷನ್, ಅಂದರೆ ಮೂಲದಲ್ಲಿ ಇಲ್ಲದ ಕಲಬೆರಕೆ, ಎಷ್ಟಿದೆ ಅಂತ ಮುಳ್ಳು ನೋಡಿ ಹೇಳುವವನು. ಭಾನುವಾರ ಬಂದರೆ ಅಕ್ಕನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಅದೇ ಜಗಳ.

“ಅಕ್ಕಾ, ಇಷ್ಟು ಸಣ್ಣ ಡಿಸ್ಟಾರ್ಷನ್ ಮನುಷ್ಯರ ಕಿವಿಗೆ ಕೇಳಿಸೋದೇ ಇಲ್ಲ. ಅಳೆದು ನೋಡಿದೀನಿ.”

“ನಿನ್ನ ಮೀಟರ್ ಯಾವತ್ತಾದ್ರೂ ಹಾಡು ಕೇಳಿ ಅತ್ತಿದ್ಯೇನೋ?”

“ಅಳೋಕೆ ನೀನಿದೀಯಲ್ಲ, ಅದೂ ಯಾಕೆ ಅಳ್ಬೇಕು?”

“ನಿಮ್ಮ ತಲೆ” ಎಂದು ಅಪ್ಪ ಬೆನ್ನು ತಿರುಗಿಸಿಕೊಂಡೇ ಗದರುತ್ತಿದ್ದರು. “ಸುಮ್ನಿರಿ ಇಬ್ರೂ, ಕೇಳಿಸ್ತಿಲ್ಲ.”

ಆ ಮಾತು ಅವರು ಬರಬರುತ್ತಾ ಹೆಚ್ಚಾಗಿ ಹೇಳತೊಡಗಿದ್ದನ್ನು ಆಗ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಹೋದ ವರ್ಷ ತೆಗಿ ಅನ್ನುವುದು ಜಾಸ್ತಿಯಾಯಿತು. ಮೊದಮೊದಲು ವಾರಕ್ಕೊಂದು. ಕೋನಕ್ಕ ಬಿಚ್ಚಿ ನೋಡಿದರೆ ಏನೂ ಇಲ್ಲ. ತನ್ನ ಕಣ್ಣಿಗೇ ಕಾಣುತ್ತಿಲ್ಲವೇನೋ ಅಂದುಕೊಂಡು ಮತ್ತೆ ಕಟ್ಟಿದರು. ಮತ್ತೆ ತೆಗಿ. ಬರಬರುತ್ತಾ ಹೂಂ ಅನ್ನುವುದು ನಿಂತೇಹೋಯಿತು. “ಜೋರು ದನಿ ಬಂದ ಕಡೆ ಒಡೀತಿದೆ. ಕಿವಿಗೆ ಚುಚ್ಚುತ್ತೆ” ಅನ್ನುತ್ತಿದ್ದರು ಅಪ್ಪ. ಎಂದೋ ಕೊಂಡು ಮನೆಯಲ್ಲಿಟ್ಟುಕೊಂಡಿದ್ದ ಹಳೇ ಸೆಟ್ಟನ್ನೂ ಆರಿಸಿ ಮೇಲೊಂದು ಬಟ್ಟೆ ಹೊದಿಸಿಬಿಟ್ಟರು. ಹಾಡು ಕೇಳಿಸಿಕೊಳ್ಳದೆ ಒಂದು ದಿನ ಇರದ ಮನುಷ್ಯ! “ಈಗಿನ ಹಾಡುಗಾರರಿಗೆಲ್ಲ ಗಂಟಲು ಕೆಟ್ಟಿದೆ” ಅಂದರು. ಹಾಡುಗಳು ಹಳೆಯವೇ, ಹಾಡಿದವರು ತೀರಿಕೊಂಡೇ ಎಷ್ಟೋ ಕಾಲವಾಗಿತ್ತು.

ಮನೆಯಲ್ಲಿ ನಗು ಬಂತು, ನಿಜ. ಆದರೆ ಒಂದು ಬೆಳಿಗ್ಗೆ ಅಪ್ಪ ಎದ್ದು ನಿಂತು ಹೇಳಿದ ಮಾತಿಗೆ ಯಾರೂ ನಗಲಿಲ್ಲ. “ನಿನ್ನ ಕೈ ಕೆಟ್ಟುಹೋಯ್ತಲ್ಲೇ.”

ಕೋನಕ್ಕ ಅದನ್ನು ನಂಬಿದರು. ವಿಚಿತ್ರ ಅನ್ನಿಸಬಹುದು. ಆದರೆ ಕೆಲಸವನ್ನು ಕೈಗೆ ಕೊಟ್ಟವರೇ ಕೈ ಕೆಟ್ಟಿದೆ ಅಂದರೆ ಯಾರನ್ನು ಕೇಳಲು ಹೋಗಬೇಕು? ತಿಂಗಳುಗಟ್ಟಲೆ ಅವರು ಸರಿ ಇದ್ದ ಸ್ಪೀಕರುಗಳನ್ನು ಬಿಚ್ಚಿದರು. ಹೊಸ ಕೋನ್ ಹರಿದರು, ಹೊಸ ಕಾಯಿಲ್ ಸುತ್ತಿದರು, ಮತ್ತೆ ಹರಿದರು. ಕೊಟ್ಟವರು ಬಂದು ಬಾಗಿಲಲ್ಲಿ ನಿಂತು, “ಚೆನ್ನಾಗೇ ಕೇಳಿಸ್ತಿದೆಯಲ್ಲಮ್ಮ, ಕೊಡಿ” ಅಂದರೆ, “ಇನ್ನೂ ಆಗಿಲ್ಲ” ಎಂದು ಕಳಿಸಿದರು. ಕೆಲವರು ಬೇರೆ ಕಡೆ ಹೋದರು. ತುದಿಬೆರಳು ಅಂಟಿಗೆ ಬಿರಿದು ರಕ್ತ ಒಸರಿದರೂ ಬಿಡಲಿಲ್ಲ. ಕೊನೆಗೆ ತಮ್ಮನೇ ಮೀಟರ್ ತಂದ, ಅಳೆದ, ತಲೆ ಎತ್ತಿದ.

“ಅಕ್ಕಾ, ಸ್ಪೀಕರ್ ಸರಿ ಇದೆ. ಕೆಟ್ಟಿರೋದು ಅಪ್ಪನ ಕಿವಿ.”

“ಬಾಯಿ ಮುಚ್ಚು. ಆ ಕಿವಿಯಿಂದ ನಾವಿಬ್ರೂ ಅನ್ನ ತಿಂದಿದೀವಿ.”

“ಅದಕ್ಕೇ ಹೇಳ್ತಿರೋದು ಕಣೇ.”

“ಎದ್ದು ಹೋಗು ಇಲ್ಲಿಂದ.”

ಅವನು ಎದ್ದು ಹೋದ. ಮೀಟರನ್ನೂ ಎತ್ತಿಕೊಂಡು ಹೋದ. ಅವತ್ತಿನಿಂದ ಅಕ್ಕ ತಮ್ಮ ಮಾತು ಬಿಟ್ಟರು. ಭಾನುವಾರದ ಟೀ ನಿಂತಿತು. ಅವನ ಮಾತು ಕೋನಕ್ಕನಿಗೆ ಅರ್ಥವಾಗಿರಲಿಲ್ಲ ಅಂತಲ್ಲ. “ಅಪ್ಪನ ಕಿವಿ ಹೋಗಿದೆ ಅನ್ನೋದಕ್ಕಿಂತ ನನ್ನ ಕೈ ಹೋಗಿದೆ ಅಂದ್ಕೊಳ್ಳೋದು ಸುಲಭ ಆಗಿತ್ತು” ಎನ್ನುತ್ತಾರೆ ಈಗ. “ಕೈ ಹೋದ್ರೆ ಬೇರೆ ಕೆಲ್ಸ ಮಾಡ್ಬಹುದು. ಅಪ್ಪನಿಗೆ ಉಳಿದಿದ್ದು ಅದೊಂದೇ. ಬೆಳಿಗ್ಗೆ ಕೆಳಗೆ ಬಂದು ಕೂತ್ಕೊಳ್ಳೋದು, ಹೂಂ ಅನ್ನೋದು. ಅದನ್ನ ಯಾವ ಬಾಯಲ್ಲಿ ಹೇಳಿ ಕಿತ್ಕೊಳ್ಲಿ?”

ಆಮೇಲೊಂದು ಮುಂಜಾನೆ. ಅಪ್ಪ ಬಂದು ಬೆನ್ನು ಹಾಕಿ ಕೂತಿದ್ದರು. ಕರೆಂಟು ಹೋಯಿತು. ಸ್ಪೀಕರ್ ಸುಮ್ಮನಾಯಿತು, ಅಂಗಡಿಯೆಲ್ಲ ನಿಶ್ಶಬ್ದ. ಅಪ್ಪನಿಗೆ ಕೇಳಿಸಲಿ ಅಂತ ಕೋನಕ್ಕ ಎತ್ತರದ ದನಿಯಲ್ಲಿ, “ಸ್ವಲ್ಪ ಇರಿ ಅಪ್ಪಾ, ಈಗ ಬರುತ್ತೆ” ಅಂದರು.

ಅಪ್ಪ ತಿರುಗಿ ನೋಡಿದರು. “ಯಾಕಮ್ಮ, ನೆಗಡಿನಾ? ದನಿ ಒಡೆದುಹೋಗಿದೆಯಲ್ಲ.”

ಕೋನಕ್ಕ ಗಂಟಲು ಮುಟ್ಟಿ ನೋಡಿಕೊಂಡರು. ನೆಗಡಿ ಇರಲಿಲ್ಲ. ಅಪ್ಪನಿಗೂ ಮಗಳಿಗೂ ನಡುವೆ ಕೋನ್ ಇರಲಿಲ್ಲ, ಕಾಯಿಲ್ ಇರಲಿಲ್ಲ, ತಂತಿಯ ಒಂದೆಳೆಯೂ ಇರಲಿಲ್ಲ. ಇನ್ನು ಬಿಚ್ಚಿ ನೋಡಲು ಏನೂ ಉಳಿದಿರಲಿಲ್ಲ. “ಹೌದಪ್ಪ, ನೆಗಡಿ” ಎಂದು ಹೇಳಿ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ಮುಖ ತೊಳೆದುಕೊಂಡು, ಶಟರ್ ಹಾಗೇ ಬಿಟ್ಟು, ಸೀದಾ ತಮ್ಮನ ಅಂಗಡಿಗೆ ನಡೆದರು. ಅವನು ಬೀಗ ತೆಗೆಯುತ್ತಿದ್ದ. ಅವನು ಒಂದು ಸ್ಟೂಲು ಎಳೆದು ಹಾಕಿ ಟೀ ತರಿಸಿದ.

ಅಪ್ಪನನ್ನು ಪರೀಕ್ಷಿಸಿದ ಕಿವಿ ಡಾಕ್ಟರು ಅಕ್ಕ ತಮ್ಮನನ್ನು ಬೇರೆ ಕರೆದು ಸಮಾಧಾನದಿಂದ ವಿವರಿಸಿದರು. ವಯಸ್ಸಾದ ಕಿವಿಗೆ ಮೆಲ್ಲನೆಯದು ಕೇಳಿಸುವುದಿಲ್ಲ. ಕೇಳಿಸುವಷ್ಟು ಜೋರು ಮಾಡಿದರೆ ಒಡೆದು ಚುಚ್ಚುತ್ತದೆ. ಎರಡರ ನಡುವೆ ಒಂದು ಸಣ್ಣ ಓಣಿಯಷ್ಟೇ ಉಳಿದಿದೆ, ಎಡಗಿವಿಯಲ್ಲಿ ಅದು ತುಸು ಅಗಲ ಇದೆ ಅಂದರು. ಕಿವಿಗೆ ಹಾಕುವ ಮೆಷಿನ್ನನ್ನೂ ಕೊಟ್ಟರು. ಮಾತಿಗೆ ಅದು ಉಪಕಾರವಾಯಿತು. ಹಾಡು ಹಾಕಿದರೆ ಮಾತ್ರ ಅಪ್ಪ ಮುಖ ಕಿವುಚಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ‘ವಯಸ್ಸಾಯ್ತು, ಮಾತು ಸ್ಪಷ್ಟ ಆಗಲಿ ಅಂತ’ ಎಂದಷ್ಟೇ ಅವರಿಗೆ ಹೇಳಿದ್ದು. ಸ್ಪೀಕರುಗಳ ಸುದ್ದಿ ಎತ್ತುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ಆ ಓಣಿಯೊಳಗೇ ಒಂದು ಹಾಡು ತೂರಿಸೋಣ” ಎಂದು ಅಕ್ಕ ಹೊರಟದ್ದು ಅಲ್ಲಿಂದ.

ಜನರಿಗೆಲ್ಲ ಸ್ಪೀಕರ್ ಎಬ್ಬಿಸಿಕೊಟ್ಟ ಈ ಮನೆಯಲ್ಲಿ ಮನೆಗೆಂದೇ ಒಂದು ಸಿಸ್ಟಮ್ ಕಟ್ಟಿದ್ದು ಅದೇ ಮೊದಲು. ಶುರುವಿನಲ್ಲಿ ಅವರೂ ಎಲ್ಲರ ಹಾಗೇ ಎಡವಿದರು. ದೊಡ್ಡ ಜೋಡಿ ಬಾಕ್ಸ್, ಒಳ್ಳೇ ಆಂಪ್ಲಿಫೈಯರು, ಗೋಡೆ ನಡುಗುವ ದನಿ. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು. ಅಪ್ಪ ಎದ್ದು ಹೋದರು. ಆಮೇಲೆ ಒಂದೊಂದೇ ಕಳೆಯುತ್ತಾ ಬಂದರು. ಎರಡು ಬಾಕ್ಸ್ ಬೇಡ, ಒಂದೇ ಸಾಕು. ದೂರ ಬೇಡ, ಕೂತವರ ಎಡಗಿವಿಗೆ ಒಂದು ಕೈಯಷ್ಟು ಹತ್ತಿರ. ಹಳೇ ಬೀರುವಿನ ಹಲಗೆಯಿಂದ ಬಾಕ್ಸ್ ಆಯಿತು. ಗೋಡೆಗೆ ಬಡಿದು ವಾಪಸ್ ಬರುವ ಸದ್ದೂ ಆ ಕಿವಿಗೆ ಕಾಟವೇ. ಮಹಡಿಯ ಕೋಣೆಯ ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಬಂತು. ಕೋನನ್ನು ಅಕ್ಕ ತೆಳು ಕಾಗದದಲ್ಲಿ ತಾವೇ ಮಾಡಿದರು. ಕಿರುಚುವ ತುದಿಯ ದನಿಗಳನ್ನೆಲ್ಲ ಅದು ತನ್ನಲ್ಲೇ ನುಂಗಿಕೊಳ್ಳಬೇಕು. ಮೂರು ಸಲ ಕೆಟ್ಟು ನಾಲ್ಕನೆಯದು ಹದಕ್ಕೆ ಬಂತು.

ಉಳಿದದ್ದು ತಮ್ಮನ ಪಾಲು. ಹಾಡು ಜೋರಾದಾಗ ಅದರ ತಲೆ ಹಿಡಿದು ತಗ್ಗಿಸಬೇಕು, ಮೆಲ್ಲಗಾದಾಗ ರೆಟ್ಟೆ ಹಿಡಿದು ಎಬ್ಬಿಸಬೇಕು. ಅಂಥ ಒಂದು ಸರ್ಕ್ಯೂಟನ್ನು ಆಂಪ್ಲಿಫೈಯರಿನೊಳಗೆ ಕೂರಿಸಬೇಕು. ಮೀಟರಿನ ಮನುಷ್ಯ ತಲೆ ಮೇಲೆ ಕೈ ಹೊತ್ತು ಕೂತ.

“ಅಕ್ಕಾ, ಹಾಡುಗಾರ ಜೋರಾಗಿ ಹಾಡಿದ್ದನ್ನ ನಾನು ಮೆಲ್ಲಗೆ ಮಾಡಿದ್ರೆ ಅದೇ ಡಿಸ್ಟಾರ್ಷನ್ ಕಣೇ. ಜೀವಮಾನ ಪೂರ್ತಿ ಯಾವುದನ್ನ ಮಾಡ್ಬೇಡಿ ಅಂತ ಎಲ್ರ ಮೇಲೂ ಹಾರಾಡಿದೀನೋ, ಅದನ್ನೇ ಮಾಡಿಸ್ತಿದೀಯ.”

“ನಿನ್ನ ಮೀಟರಿಗೆ ಕೆಡ್ಲಿ ಬಿಡೋ. ಅಪ್ಪನಿಗೆ ಸರಿಯಾಗ್ಲಿ.”

“ಯಾವುದು ಸರಿ, ಯಾವುದು ಕೆಟ್ಟದ್ದು ಅನ್ನೋದೇ ಮರೆತುಹೋಗ್ತಿದೆ ನಂಗೆ.”

“ಮರ್ತ್ಬಿಡು” ಅಂದರು ಅಕ್ಕ. “ಮರೆತು, ಆ ತಂತಿಗೆ ಸೋಲ್ಡರ್ ಹಾಕು.”

ಎಲ್ಲ ಮುಗಿದ ದಿನ ಅಪ್ಪನಿಗೆ ಒಂದು ಸುಳ್ಳು ಹೇಳಿದರು. ಯಾರೋ ವಯಸ್ಸಾದವರ ಆರ್ಡರು, ಸ್ವಲ್ಪ ಬೇರೆ ಥರ ಕೇಳಿದ್ದಾರೆ, ನೋಡಿ ಹೇಳಿ ಅಂದರು. ಅಪ್ಪ ಬಂದು ಕೂತರು. ಹಾಡು ಹಾಕಿದ್ದಾಯಿತು. ಬಾಗಿಲ ಬಳಿ ನಿಂತ ತಮ್ಮ ಉಗುರು ಕಚ್ಚುತ್ತಿದ್ದ. ಅಷ್ಟು ಮೆಲ್ಲಗಿತ್ತೆಂದರೆ ಅವನಿಗೆ ಪದಗಳೇ ತಿಳಿಯುತ್ತಿರಲಿಲ್ಲ. ಅಪ್ಪ ಕತ್ತು ತುಸು ಎಡಕ್ಕೆ ವಾಲಿಸಿದರು. ಮಂಡಿಯ ಮೇಲಿದ್ದ ಕೈಬೆರಳೊಂದು ತಾಳ ಹಿಡಿಯಿತು.

“ಹೂಂ.”

ಕೋನಕ್ಕ ಸೆರಗು ಬಾಯಿಗೆ ಒತ್ತಿಕೊಂಡರು.

“ಇದು ಕೆಲ್ಸ ಅಂದ್ರೆ” ಎಂದರು ಅಪ್ಪ. “ಕೈ ಮತ್ತೆ ಬಂತು ನೋಡು ನಿಂಗೆ. ಕಳಿಸು ಇದನ್ನ, ಕಾಯಿಸ್ಬೇಡ ಅವರನ್ನ.”

“ಕಳಿಸೋದಲ್ಲ ಅಪ್ಪ. ಇದು ನಿಮ್ದೇ. ನಿಮ್ಮ ಕಿವಿಗೆ ಅಂತ ಮಾಡಿದ್ದು.”

ಅಪ್ಪ ಮಗಳ ಮುಖ ನೋಡಿದರು, ಬಾಗಿಲಲ್ಲಿದ್ದ ಮಗನ ಮುಖ ನೋಡಿದರು. ಒಂದೇ ಬಾಕ್ಸ್, ಇಷ್ಟು ಹತ್ತಿರ, ಕಿಟಕಿಗೆ ಪರದೆ. ಬದುಕಿಡೀ ದನಿಯ ಜಾಡು ಹಿಡಿದ ಮನುಷ್ಯನಿಗೆ ಅದನ್ನೆಲ್ಲ ಕೂಡಿಸಿಕೊಳ್ಳಲು ಹೊತ್ತು ಬೇಕಾಗಲಿಲ್ಲ.

“ಹಾಗಾದ್ರೆ ಅವೆಲ್ಲ ಸರಿ ಇದ್ವಾ?”

ತಮ್ಮ ಬಾಗಿಲಿನಿಂದಲೇ ಬೇಡ ಬೇಡ ಎಂದು ತಲೆಯಾಡಿಸಿದ. ಸುಳ್ಳು ಹೇಳು, ಅವರ ಮನಸ್ಸು ನೋಯಿಸಬೇಡ ಅಂತ. ಕೋನಕ್ಕನಿಗೂ ಹಾಗೇ ಹೇಳಬೇಕೆನಿಸಿತು. ಆದರೆ ಒಂದು ಸ್ಪೀಕರ್ ಸರಿ ಇದೆಯೋ ಇಲ್ಲವೋ ಎಂದು ಕೇಳಿದರೆ ಅಪ್ಪನ ಎದುರು ಅವರು ಯಾವತ್ತೂ ಸುಳ್ಳಾಡಿರಲಿಲ್ಲ.

“ಇದ್ವು ಅಪ್ಪ.”

“ಎಲ್ಲವೂ?”

“ಎಲ್ಲವೂ.”

“ಮತ್ತೆ ಯಾಕೆ ಬಿಚ್ಚಿದೆ?”

“ನೀವು ತೆಗಿ ಅಂದ್ರಿ.”

ಪಕ್ಕದಲ್ಲಿ ಹಾಡು ತನ್ನ ಪಾಡಿಗೆ ಸಾಗುತ್ತಿತ್ತು. “ಕೈ ಕೊಡು ಇಲ್ಲಿ” ಅಂದರು ಅಪ್ಪ. ಮಗಳು ಹಿಂಜರಿದಾಗ ತಾವೇ ಎಳೆದುಕೊಂಡು, ಬಿರಿದ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಸವರಿದರು. “ಕೈ ಕೆಟ್ಟಿರಲಿಲ್ಲ ಕಣೇ. ಕೆಟ್ಟಿದೆ ಅಂದ್ಬಿಟ್ನಲ್ಲ ನಾನು” ಎನ್ನುವಾಗ ಅವರ ಗಂಟಲು ನಿಜವಾಗಿಯೂ ಒಡೆದಿತ್ತು. ಮೂವರೂ ಅತ್ತರು. ಆಮೇಲೆ ಅಪ್ಪ ಕಣ್ಣೊರೆಸಿಕೊಂಡು, “ನಾಳೆಯಿಂದ ನನ್ನ ಕರೀಬೇಡ. ಹೂಂ ಅನ್ನೋದು ನೀನೇ” ಎಂದರು.

ಕೋನಕ್ಕನಿಗೆ ಇನ್ನೂ ಆ ಮಾತು ಬಾಯಿಗೆ ಬಂದಿಲ್ಲ. ಈ ಮುಂಜಾನೆಯೂ ಅಷ್ಟೇ; ಹಾಡು ಕೇಳಿ, ಒಡಕಿಲ್ಲ ಅಂತ ಖಾತ್ರಿಯಾದ ಮೇಲೆ ಮಾತಿಲ್ಲದೆ ವೈರ್ ಬಿಡಿಸಿ, ಸ್ಪೀಕರನ್ನು ಸಿದ್ಧವಾದವುಗಳ ಕಪಾಟಿಗೆ ಸೇರಿಸುತ್ತಾರೆ. ಭಾನುವಾರ ಬರುವ ತಮ್ಮ ಅದಕ್ಕೂ ಕಿಚಾಯಿಸುತ್ತಾನೆ. ಅಕ್ಕ ಅವನ ಟೀಗೆ ಸಕ್ಕರೆ ಹಾಕುವುದನ್ನು ಬೇಕಂತಲೇ ಮರೆಯುತ್ತಾರೆ.

ಬೀದಿಯಲ್ಲಿ ಮೊದಲ ಗಾಡಿಗಳು ಓಡಾಡಲು ಶುರು ಮಾಡಿವೆ. ಟೀ ಲೋಟ ಹಿಡಿದು ಕೋನಕ್ಕ ಮಹಡಿ ಹತ್ತುತ್ತಾರೆ. ಕೋಣೆಯ ಬಾಗಿಲು ಓರೆಯಾಗಿದೆ. ಒಳಗೆ ಅಪ್ಪ ಕಣ್ಣು ಮುಚ್ಚಿ ಕೂತಿದ್ದಾರೆ, ಎಡಕ್ಕೆ ವಾಲಿದ ಕತ್ತು, ಪಕ್ಕದಲ್ಲಿ ಬೀರುವಿನ ಹಲಗೆಯ ಬಾಕ್ಸ್. ಹಾಡು ನಡೆಯುತ್ತಿದೆ, ಯಾವ ಹಾಡು ಅನ್ನುವುದು ಬಾಗಿಲಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಕೋನಕ್ಕ ಒಳಗೆ ಹೋಗುವುದಿಲ್ಲ. ಲೋಟ ಹಿಡಿದುಕೊಂಡೇ ಕಾಯುತ್ತಾರೆ. ಟೀ ಆರುತ್ತದಲ್ಲ ಅಂದರೆ, ಆರಲಿ ಎಂದು ಕೈಸನ್ನೆ ಮಾಡುತ್ತಾರೆ.

“ಕೆಳಗೆ ಕೂತಾಗ ಅಪ್ಪ ಯಾವ ಹಾಡನ್ನೂ ಪೂರ್ತಿ ಕೇಳ್ತಿರ್ಲಿಲ್ಲ” ಎಂದು ಪಿಸುಗುಡುತ್ತಾರೆ. “ತಪ್ಪು ಸಿಗೋವರೆಗೆ, ಇಲ್ಲಾ ತಪ್ಪಿಲ್ಲ ಅಂತ ಗೊತ್ತಾಗೋವರೆಗೆ. ಆಮೇಲೆ ಆರಿಸು, ಮುಂದಿನದ್ದು ಹಾಕು. ಮೊನ್ನೆ ನನ್ನ ಕರೆದು ಕೇಳಿದ್ರು, ಈ ಹಾಡಿಗೆ ಮೂರನೇ ಚರಣ ಬೇರೆ ಇತ್ತೇನೇ ಅಂತ. ಅಷ್ಟು ವರ್ಷ ಅದೇ ಹಾಡಲ್ಲಿ ಟೆಸ್ಟ್ ಮಾಡಿದೀವಿ. ಇನ್ನೂ ಎಷ್ಟು ಹಾಡಿನ ಕೊನೆ ಬಾಕಿ ಇದ್ಯೋ ಅವರಿಗೆ. ಅಷ್ಟು ಕೇಳಿಸ್ಲಿ. ಬೇರೇನೂ ಬೇಡ ನಂಗೆ.”